ಮೂರನೆಯವರಿಗೆ ಬಿಸಿನೀರು ಯಾಕೆ ಸಿಗುತ್ತಿಲ್ಲ: ಮಾನ್ವಿಯಿಂದ ಲೀಡ್ಸ್‌ಗೆ ಬಂದ ತಂಗಿಗೆ

ತಂಗಿ, ನಿಮ್ಮ ಪ್ರಶ್ನೆ ಬಂದಾಗ ನಾನು ಬಳ್ಳಾರಿಯಲ್ಲಿದ್ದೇನೆ. ಕೌಲ್ ಬಜಾರಿನ ನಮ್ಮ ಹಳೇ ಮನೆ, ಏಪ್ರಿಲ್ ತಿಂಗಳು, ಮಧ್ಯಾಹ್ನ ಮೂರು ಗಂಟೆ. ಈಗಷ್ಟೇ ಕೈ ತೊಳೆಯಲು ನಲ್ಲಿ ತಿರುಗಿಸಿದೆ. ಮಾಳಿಗೆ ಮೇಲಿನ ಸಿಂಟೆಕ್ಸ್ ನೀರು ಚುರ್ ಅಂತು. ಅಮ್ಮ ಬೆಳಿಗ್ಗೆಯೇ ಎರಡು ಬಕೆಟ್ ತುಂಬಿಸಿ ನೆರಳಲ್ಲಿ ಇಟ್ಟಿದ್ದಾಳೆ, ಸಂಜೆ ಜಳಕಕ್ಕೆ ತಣ್ಣೀರು ಬೇಕಲ್ಲ. ಇಂಥ ಊರಲ್ಲಿ ಕೂತು ಬಿಸಿನೀರಿನ ಬಗ್ಗೆ ಬರೆಯುವುದಕ್ಕೆ ನನಗೇ ನಗು ಬರುತ್ತಿದೆ.

ನೀವು ಬರೆದಿದ್ದು ಇಷ್ಟು. ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಮೂರು ತಿಂಗಳಾಯಿತು. ಬಾಡಿಗೆ ಮನೆ, ಹಳೇ ಕಾಲದ ಇಟ್ಟಿಗೆ ಮನೆ. ನೀವು, ಯಜಮಾನರು, ಇಬ್ಬರು ಮಕ್ಕಳು, ಜೊತೆಗೆ ಆರು ತಿಂಗಳ ವೀಸಾದಲ್ಲಿ ಬಂದಿರುವ ಅಮ್ಮ. ಬೆಳಿಗ್ಗೆ ಇಬ್ಬರ ಜಳಕ ಆಗುವಷ್ಟರಲ್ಲಿ ಬಿಸಿನೀರು ಖಾಲಿ, ಮೂರನೆಯವರಿಗೆ ಮಂಜಿನ ನೀರು. ಮತ್ತೆ ಕಾಯಬೇಕೆಂದರೆ ಎರಡೂವರೆ ಗಂಟೆ. ಮನೆ ಮಾಲೀಕನನ್ನು ಕೇಳಿದರೆ ಹಳೇ ಮನೆ, ಹೀಗೇ ಇರೋದು ಅಂದನಂತೆ. ಕೊನೆಗೆ ನೀವು ಕೇಳಿದ್ದೀರಿ: ಇಲ್ಲಿನ ಜೀವನ ಹೀಗೇನಾ ಅಣ್ಣ, ಅಥವಾ ಮನೆ ಬದಲಾಯಿಸಬೇಕಾ?

ಹೀಗೇ ಇರೋದಲ್ಲ. ಮನೆಯನ್ನೂ ಸದ್ಯಕ್ಕೆ ಬದಲಾಯಿಸಬೇಡಿ. ಮಕ್ಕಳ ಸ್ಕೂಲು, ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ, ನಾಲ್ಕು ಗಂಟೆಗೇ ಕತ್ತಲಾಗುವ ಡಿಸೆಂಬರ್ ಹೇಗೆ ಕಳೆಯುವುದು, ಇವನ್ನೂ ಕೇಳಿದ್ದೀರಿ. ಅವು ಇನ್ನೊಂದು ದಿನ. ಬೆಳಿಗ್ಗೆ ಬೆಚ್ಚಗೆ ಜಳಕ ಆಗದಿದ್ದರೆ ಪರದೇಶದಲ್ಲಿ ಇಡೀ ದಿನ ಅಳು ಬರುತ್ತದೆ. ಹದಿನೇಳು ವರ್ಷದ ಹಿಂದೆ ನನಗೂ ಬಂದಿತ್ತು. ಮೊದಲು ಇದನ್ನು ಮುಗಿಸೋಣ.

ನಿಮ್ಮ ಪ್ರಶ್ನೆಯಲ್ಲಿ ನೀವು ಗಮನಿಸದೇ ಬರೆದ ಒಂದು ಸಾಲು ಇದೆ. ಬಚ್ಚಲ ಪಕ್ಕದ ಕಪಾಟಿನಲ್ಲಿ ಹಸಿರು ಫೋಮ್ ಬಳಿದ ದೊಡ್ಡ ಡ್ರಮ್ಮು ಇದೆ, ಅದರ ಹತ್ತಿರ ಗೋಡೆ ಮೇಲೆ ಕೆಂಪು ದೀಪದ ಸ್ವಿಚ್ಚು, ಅದನ್ನು ಯಾವತ್ತೂ ಆಫ್ ಮಾಡಬೇಡಿ ಅಂತ ಹಿಂದಿನ ಬಾಡಿಗೆಯವರು ಹೇಳಿ ಹೋದರು. ಆ ಸಾಲು ಓದಿದ ಕೂಡಲೇ ನನಗೆ ಅರ್ಧ ಉತ್ತರ ಸಿಕ್ಕಿತು. ಆದರೆ ಅಲ್ಲಿಗೆ ಹೋಗುವ ಮುಂಚೆ ಆ ಡ್ರಮ್ಮು ಏನು ಅಂತ ತಿಳಿಯಬೇಕು.

ಅದು ನಮ್ಮ ಬಚ್ಚಲ ಹಂಡೆ. ಅಷ್ಟೇ. ಅಲ್ಲಿ ಅದಕ್ಕೆ ಸಿಲಿಂಡರ್ ಅನ್ನುತ್ತಾರೆ, ಗ್ಯಾಸ್ ಸಿಲಿಂಡರ್ ಅಂದುಕೊಂಡು ಹೆದರಬೇಡಿ. ತಾಮ್ರದ ಹಂಡೆ, ಒಳಗೆ ನೀರು. ವ್ಯತ್ಯಾಸ ಏನಂದರೆ, ನಮ್ಮ ಹಂಡೆಗೆ ಕೆಳಗೆ ಒಲೆ, ಜಾಲಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು. ಅಲ್ಲಿ ಒಲೆ ಬೇರೆ ಕಡೆ ಇರುತ್ತದೆ. ಅಡುಗೆಮನೆಯ ಗೋಡೆಗೆ ನೇತುಹಾಕಿದ ಬಿಳಿ ಪೆಟ್ಟಿಗೆ ಇದೆಯಲ್ಲ, ಬಾಯ್ಲರ್, ಅದೇ ಒಲೆ. ಅದು ಗ್ಯಾಸಿನಿಂದ ನೀರು ಕಾಯಿಸಿ ಪೈಪಿನಲ್ಲಿ ಸುತ್ತಿಸುತ್ತದೆ. ಆ ಪೈಪು ಹಂಡೆಯ ಹೊಟ್ಟೆಯೊಳಗೆ ಸುರುಳಿಯಾಗಿ ಹೋಗಿ ಹೊರಗೆ ಬರುತ್ತದೆ. ಸುರುಳಿಯೊಳಗಿನ ನೀರು ಬೇರೆ, ನೀವು ಜಳಕ ಮಾಡುವ ನೀರು ಬೇರೆ. ಎರಡೂ ಕೂಡುವುದಿಲ್ಲ, ಶಾಖ ಮಾತ್ರ ದಾಟುತ್ತದೆ. ರಾಯಚೂರಿನವರಿಗೆ ಇದು ಹೊಸದಲ್ಲ, ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ, ಅದೇ ಆರ್‌ಟಿಪಿಎಸ್‌ನಲ್ಲಿ, ಕೆಲಸ ಮಾಡಿದ ಯಾರನ್ನಾದರೂ ಕೇಳಿ, ಎರಡು ನೀರು ಕೂಡದೇ ಶಾಖ ಮಾತ್ರ ದಾಟಿಸುವುದು ಹೇಗೆ ಅಂತ ಚಹಾ ಮುಗಿಯುವಷ್ಟರಲ್ಲಿ ಹೇಳುತ್ತಾರೆ.

ಇನ್ನೊಂದು ವ್ಯತ್ಯಾಸ ನನಗೆ ತುಂಬಾ ಇಷ್ಟ. ನಮ್ಮ ಮನೆಯಲ್ಲಿ ಜಳಕ ಮಾಡಿದವರು ಹಂಡೆಗೆ ಒಂದು ಕೊಡ ತಣ್ಣೀರು ಸುರಿದೇ ಹೊರಗೆ ಬರಬೇಕಿತ್ತು. ಸುರಿಯದೇ ಬಂದರೆ ಅಜ್ಜಿ ಬೈಯುತ್ತಿದ್ದಳು. ಆದರೆ ಮೇಲಿಂದ ಸುರಿದ ತಣ್ಣೀರು ಇಡೀ ಹಂಡೆಯನ್ನು ಉಗುರುಬೆಚ್ಚಗೆ ಮಾಡಿಬಿಡುತ್ತಿತ್ತು. ಇಂಗ್ಲೆಂಡಿನ ಹಂಡೆಗೆ ತಣ್ಣೀರು ಕೆಳಗಿನಿಂದ ಮೆಲ್ಲಗೆ ಬರುತ್ತದೆ, ಬಿಸಿನೀರು ನೆತ್ತಿಯಿಂದ ಹೋಗುತ್ತದೆ. ಬಿಸಿನೀರು ಹಗುರ, ಮೇಲೇ ನಿಲ್ಲುತ್ತದೆ. ಹಾಗಾಗಿ ಕೊನೆಯವರೆಗೂ ಕುದಿ ಕುದಿ ನೀರು ಬಂದು, ಆಮೇಲೆ ಒಮ್ಮೆಲೇ ತಣ್ಣಗಾಗುತ್ತದೆ. ತಲೆಗೆ ಶಾಂಪೂ ಹಚ್ಚಿದಾಗಲೇ ಹೀಗಾಗುವುದು ಯಾಕೆ ಅಂತ ಕೇಳಿದ್ದಿರಿ. ಇದಕ್ಕೇ.

ಈಗ ಬಕೆಟ್ ಲೆಕ್ಕ. ನಿಮ್ಮ ಹಂಡೆ 120 ಲೀಟರಿನದು ಅಂದಿದ್ದೀರಿ. ಒಳಗೆ ನೀರು 60 ಡಿಗ್ರಿ ಇದೆ, ಹೊರಗಿನ ತಣ್ಣೀರು 10 ಡಿಗ್ರಿ ಇದೆ ಅಂತ ಇಟ್ಟುಕೊಳ್ಳಿ. ಮೈಗೆ ಹಾಕುವ ನೀರು 40 ಡಿಗ್ರಿ ಸಾಕು. ಹಾಗಾದರೆ ಹತ್ತು ಲೀಟರ್ ಜಳಕದ ನೀರಿನಲ್ಲಿ ಆರು ಲೀಟರ್ ಹಂಡೆಯದು, ನಾಲ್ಕು ತಣ್ಣೀರು. ಅಂದರೆ 120 ಲೀಟರ್ ಹಂಡೆಯಿಂದ ಸುಮಾರು 200 ಲೀಟರ್ ಜಳಕದ ನೀರು ಆಗಬೇಕು. ಮಾನ್ವಿಯಲ್ಲಿ ಎರಡು ಬಕೆಟ್, ಅಂದರೆ 40 ಲೀಟರಿನಲ್ಲಿ ಜಳಕ ಮುಗಿಯುತ್ತಿತ್ತು ಅಲ್ವಾ? ಆ ಲೆಕ್ಕದಲ್ಲಿ ಐದು ಜನಕ್ಕೆ ಸರಿಯಾಗಿ ಸಾಕು.

ಆದರೆ ನೀವು ಶವರ್ ಕೆಳಗೆ ನಿಂತಿದ್ದೀರಿ. ಶವರ್ ಹಾಕಿದಾಗ ಗುಂಯ್ ಅಂತ ಪಂಪಿನ ಸದ್ದು ಬರುತ್ತದೆ ಅಂತಲೂ ಬರೆದಿದ್ದೀರಿ. ಅದು ಪವರ್ ಶವರ್. ನಿಮಿಷಕ್ಕೆ 15 ಲೀಟರ್‌ವರೆಗೂ ಸುರಿಯುತ್ತದೆ. ಎಂಟು ನಿಮಿಷ ನಿಂತರೆ 120 ಲೀಟರ್, ಅದರಲ್ಲಿ ಹಂಡೆಯದು 72. ಇಬ್ಬರಿಗೆ 144. ಹಂಡೆಯಲ್ಲಿ ಇದ್ದಿದ್ದೇ 120! ಎರಡನೆಯವರು ಸ್ವಲ್ಪ ಬೇಗ ಹೊರಗೆ ಬಂದರೂ ಮೂರನೆಯವರಿಗೆ ಏನೂ ಉಳಿಯುವುದಿಲ್ಲ. ಶವರಿನ ತಲೆ ಬದಲಾಯಿಸಿ ನಿಮಿಷಕ್ಕೆ ಎಂಟು ಲೀಟರಿನದು ಹಾಕಿದರೆ ಅದೇ ಹಂಡೆಯಲ್ಲಿ ಮೂವರ ಜಳಕ ಆಗುತ್ತದೆ. ಅಮ್ಮನಿಗಂತೂ ಬಕೆಟ್ಟೇ ಇರಲಿ. ಕರ್ಕ್‌ಗೇಟ್ ಮಾರ್ಕೆಟ್ಟಿನಲ್ಲಿ ಬಕೆಟ್ಟು, ಮಗ್ಗು ಎರಡೂ ಸಿಗುತ್ತವೆ. ಒಂದೇ ಎಚ್ಚರ, ಬಕೆಟ್ಟನ್ನು ಟಬ್ಬಿನ ಒಳಗೇ ಇಡಬೇಕು. ಅಲ್ಲಿನ ಬಚ್ಚಲ ನೆಲಕ್ಕೆ ನೀರು ಹೋಗುವ ಕಿಂಡಿ ಇರುವುದಿಲ್ಲ. ನಮ್ಮ ಅಮ್ಮ ಮೊದಲ ಸಲ ಬಂದಾಗ ಟಬ್ಬಿನ ಹೊರಗೆ ಮಣೆ ಹಾಕಿ ಕೂತು ಜಳಕ ಮಾಡಿದಳು. ನೀರು ಕೆಳಗಿನ ಕೋಣೆಯ ಸೂರಿನಿಂದ ತೊಟ್ಟಿಕ್ಕಿತು.

ಇದು ಖರ್ಚಿನ ಕಡೆ. ಆದರೆ ನಿಮ್ಮ ನಿಜವಾದ ತೊಂದರೆ ಇದಲ್ಲ ಅಂತ ನನ್ನ ಲೆಕ್ಕ. ಹಂಡೆ ಖಾಲಿಯಾಗುವುದು ದೊಡ್ಡ ವಿಷಯವಲ್ಲ, ಮತ್ತೆ ಕಾಯಲು ಎರಡೂವರೆ ಗಂಟೆ ಯಾಕೆ ಬೇಕು ಅನ್ನುವುದೇ ವಿಷಯ.

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 1.163 ವ್ಯಾಟ್-ಅವರ್ ಶಾಖ ಬೇಕು. 120 ಲೀಟರನ್ನು 10ರಿಂದ 60ಕ್ಕೆ ಏರಿಸಲು ಸುಮಾರು 7 ಯೂನಿಟ್. ನಮ್ಮ ಕರೆಂಟ್ ಬಿಲ್ಲಿನಲ್ಲಿ ಬರುತ್ತದಲ್ಲ, ಅದೇ ಯೂನಿಟ್. ನಿಮ್ಮ ಬಾಯ್ಲರ್ 18 ಕಿಲೋವ್ಯಾಟಿನದು ಅಂದಿದ್ದೀರಿ. ಕಾಗದದ ಲೆಕ್ಕದಲ್ಲಿ ಅದಕ್ಕೆ 25 ನಿಮಿಷವೂ ಬೇಡ. ನಿಜದಲ್ಲಿ ಸುರುಳಿ ಅಷ್ಟೂ ಶಾಖ ದಾಟಿಸುವುದಿಲ್ಲ. ಹಂಡೆಯ ನೀರು ಬಿಸಿಯಾದಷ್ಟೂ ಸುರುಳಿಗೂ ನೀರಿಗೂ ಇರುವ ಅಂತರ ಕಡಿಮೆಯಾಗಿ ಕೊನೆಯ ಹತ್ತು ಡಿಗ್ರಿ ನಿಧಾನವಾಗುತ್ತದೆ. ಹಾಗಂತ ಹಿಡಿದರೂ ಒಳ್ಳೆ ಹಂಡೆಗೆ ಅರ್ಧ ಮುಕ್ಕಾಲು ಗಂಟೆ, ಹಳೇ ಹಂಡೆಗೆ ಒಂದು ಗಂಟೆ, ಸ್ವಲ್ಪ ಜಾಸ್ತಿ.

ಈಗ ಇನ್ನೊಂದು ಲೆಕ್ಕ ಹಾಕಿ. ಅದೇ 7 ಯೂನಿಟ್ಟನ್ನು 3 ಕಿಲೋವ್ಯಾಟಿನ ಕರೆಂಟ್ ಕಾಯಿಲ್ಲಿನಿಂದ ಕೊಟ್ಟರೆ ಎಷ್ಟು ಹೊತ್ತು? ಎರಡು ಗಂಟೆ ಇಪ್ಪತ್ತು ನಿಮಿಷ. ನೀವು ಎರಡೂವರೆ ಗಂಟೆ ಅಂದಿದ್ದಿರಿ!

ಕೆಂಪು ದೀಪದ ಸ್ವಿಚ್ಚು ಅದೇ. ಹಂಡೆಯ ನೆತ್ತಿಯಲ್ಲೋ ಪಕ್ಕದಲ್ಲೋ ಇಮ್ಮರ್ಶನ್ ಹೀಟರ್ ಇರುತ್ತದೆ. ನಮ್ಮ ಊರಲ್ಲಿ ಬಕೆಟ್ಟಿಗೆ ಇಳಿಬಿಡುವ ಕಾಯಿಲ್ಲಿನ ಅಣ್ಣ. ಬಾಯ್ಲರ್ ಕೆಟ್ಟ ದಿನಕ್ಕೆ ಅಂತ ಇಟ್ಟಿರುವುದು ಅದು. ನನ್ನ ಅನುಮಾನ ಏನಂದರೆ, ನಿಮ್ಮ ಬಾಯ್ಲರ್ ಕೋಣೆ ಬೆಚ್ಚಗಿಡಲು ಗೋಡೆಗೆ ಹಾಕಿದ ರೇಡಿಯೇಟರುಗಳನ್ನು ಮಾತ್ರ ಬಿಸಿ ಮಾಡುತ್ತಿದೆ, ಹಂಡೆ ಕಡೆ ಅದರ ಶಾಖ ಹೋಗುತ್ತಲೇ ಇಲ್ಲ. ಯಾವುದೋ ಚಳಿಗಾಲದಲ್ಲಿ ಆ ದಾರಿ ಮುಚ್ಚಿಕೊಂಡಿದೆ. ಆಗಿನ ಬಾಡಿಗೆಯವರು ಸ್ವಿಚ್ಚು ಹಾಕಿ ಕೆಲಸ ನಡೆಸಿದ್ದಾರೆ. ಅವರು ಮುಂದಿನವರಿಗೆ ಆಫ್ ಮಾಡಬೇಡಿ ಅಂತ ಹೇಳಿ ಹೋಗಿದ್ದಾರೆ. ಮೂಲ ತೊಂದರೆ ಎಲ್ಲರಿಗೂ ಮರೆತುಹೋಗಿದೆ. ಕರೆಂಟ್ ಬಿಲ್ ಜಾಸ್ತಿ ಅಂತ ಬೇರೆ ಬರೆದಿದ್ದೀರಿ. ಆಗದೇ ಇರುತ್ತದಾ? ಅಲ್ಲಿ ಒಂದು ಯೂನಿಟ್ ಕರೆಂಟಿಗೆ ಗ್ಯಾಸಿನ ಸುಮಾರು ನಾಲ್ಕು ಪಟ್ಟು ದುಡ್ಡು.

ನೀವು ಮಾನ್ವಿಯವರು. ಟೇಲ್ ಎಂಡ್ ಅಂದರೆ ಏನು ಅಂತ ನಿಮಗೆ ಬಳ್ಳಾರಿಯವನು ಹೇಳಿಕೊಡಬೇಕಾ? ತುಂಗಭದ್ರಾ ಡ್ಯಾಮ್ ತುಂಬಿರುತ್ತದೆ, ಎಡದಂಡೆ ನಾಲೆಯಲ್ಲಿ ನೀರು ಹರಿಯುತ್ತಿರುತ್ತದೆ. ಗಂಗಾವತಿ, ಸಿಂಧನೂರು ಕಡೆ ಗದ್ದೆ ತುಂಬಿ ತುಳುಕುತ್ತದೆ, ನಿಮ್ಮ ಕಡೆ ಕೊನೇ ಭಾಗದಲ್ಲಿ ಪೈರು ಒಣಗುತ್ತದೆ. ಡ್ಯಾಮ್ ಚಿಕ್ಕದು ಅಂತ ಅಲ್ಲ, ನೀರು ಮಧ್ಯದಲ್ಲಿ ಎಲ್ಲೋ ನಿಂತಿದೆ ಅಥವಾ ಯಾರೋ ಎಳೆದುಕೊಂಡಿದ್ದಾರೆ. ನಿಮ್ಮ ಮನೆಯ ಪೈಪಿನದೂ ಅದೇ ಕಥೆ. ಬಾಯ್ಲರಿನಿಂದ ಹೊರಟ ಬಿಸಿನೀರಿಗೆ ಎರಡು ಕಾಲುವೆ. ಒಂದು ರೇಡಿಯೇಟರಿಗೆ, ಒಂದು ಹಂಡೆಗೆ. ಕವಲಿನಲ್ಲಿ ಒಂದು ತೂಬು ಇರುತ್ತದೆ. ಅಂಗೈ ಅಗಲದ ಲೋಹದ ಡಬ್ಬಿ, ಒಳಗೆ ಪುಟ್ಟ ಮೋಟರ್, ಪಕ್ಕದಲ್ಲಿ ಒಂದು ಸಣ್ಣ ಹಿಡಿಕೆ. ಕೆಲವು ಮನೆಯಲ್ಲಿ ಮೂರು ಬಾಯಿಯ ಒಂದೇ ತೂಬು, ಕೆಲವು ಕಡೆ ಎರಡು ಬಾಯಿಯವು ಎರಡು. ಅಲ್ಲಿನವರು ಮೋಟರೈಸ್ಡ್ ವಾಲ್ವ್ ಅನ್ನುತ್ತಾರೆ. ಈ ವ್ಯವಸ್ಥೆಯಲ್ಲಿ ಪದೇ ಪದೇ ಕೈ ಕೊಡುವ ಸಾಮಾನು ಅದು.

ನನ್ನ ಕಥೆ ಹೇಳುತ್ತೇನೆ, ನಿಮ್ಮ ದುಡ್ಡು ಉಳಿಯಲಿ ಅಂತ. 2009ರಲ್ಲಿ ನಾವು ಲೀಡ್ಸ್‌ನಲ್ಲಿ ಮನೆ ಕೊಂಡೆವು. ಮೊದಲ ಚಳಿಗಾಲಕ್ಕೇ ಇದೇ ಗೋಳು, ಇಬ್ಬರಿಗೆ ನೀರು, ಮೂರನೆಯವರಿಗೆ ಇಲ್ಲ. ಒಬ್ಬ ಪ್ಲಂಬರ್ ಬಂದ. ನೋಡಿದ ಕೂಡಲೇ ನಿಮ್ಮ ಹಂಡೆ ಚಿಕ್ಕದು, ದೊಡ್ಡದು ಹಾಕಿಸಿ ಅಂದ. ನಾನೂ ಹೌದಲ್ಲ ಅಂದುಕೊಂಡೆ. 120 ಲೀಟರಿನದು ತೆಗೆದು 210 ಲೀಟರಿನದು ಬಂತು. ಊರಿಗೆ ಬರುವ ವಿಮಾನದ ಟಿಕೆಟ್ಟಿಗೆ ಅಂತ ಕೂಡಿಟ್ಟ ದುಡ್ಡು ಅದಕ್ಕೆ ಹೋಯಿತು. ಆಮೇಲೆ ಏನಾಯಿತು ಗೊತ್ತಾ? ಬೆಳಿಗ್ಗೆ ಹಂಡೆ ಅರ್ಧವೂ ಕಾಯುತ್ತಿರಲಿಲ್ಲ. 210 ಲೀಟರಿಗೆ ಬೇಕಾದ ಶಾಖ 12 ಯೂನಿಟ್ಟು. ಮೊದಲಿನ 7 ಯೂನಿಟ್ಟೇ ಸರಿಯಾಗಿ ತಲುಪುತ್ತಿರಲಿಲ್ಲ.

ಪಕ್ಕದ ಮನೆಯಲ್ಲಿ ಒಬ್ಬ ಮುದುಕರಿದ್ದರು. ಹಿಂದೆ ಪೈಪ್ ಫಿಟ್ಟರ್ ಆಗಿದ್ದವರು. ನಮ್ಮ ಮನೆಯ ಮಿರ್ಚಿ ಭಜಿಗೆ ಸೋತವರು. ಒಂದು ಸಂಜೆ ಭಜಿ ತಿನ್ನುತ್ತಾ ವಿಷಯ ಕೇಳಿದರು. ಎದ್ದು ಕಪಾಟು ತೆಗೆದರು, ಟೂಲ್ ಬಾಕ್ಸೂ ಇಲ್ಲ, ಏನೂ ಇಲ್ಲ. ಸುರುಳಿಗೆ ಹೋಗುವ ಮೇಲಿನ ಪೈಪನ್ನು ಬೆರಳಿನಿಂದ ತಟ್ಟಿದರು, ಚಟಕ್ಕನೆ ಕೈ ತೆಗೆದರು. ಕೆಳಗಿನ ಪೈಪನ್ನು ಹಿಡಿದರು, ಹಿಡಿದೇ ಇದ್ದರು. ಮೇಲೆ ಸುಡುತ್ತಿದೆ, ಕೆಳಗೆ ತಣ್ಣಗಿದೆ. ಆಮೇಲೆ ಕೆಳಗಿನ ಪೈಪನ್ನೇ ಹಿಡಿದು ಬಗ್ಗಿ, ಧೂಳು ತುಂಬಿದ ಮೂಲೆಯಲ್ಲಿ ಒಂದು ಹಿತ್ತಾಳೆಯ ವಾಲ್ವ್ ತೋರಿಸಿದರು. ರೇಡಿಯೇಟರಿಗೂ ಹಂಡೆಗೂ ನೀರು ಹಂಚಲು ಇಟ್ಟಿದ್ದ ವಾಲ್ವ್ ಅದು. ಯಾರೋ ಅದನ್ನು ಹೆಚ್ಚೂ ಕಡಿಮೆ ಪೂರ್ತಿ ಮುಚ್ಚಿಬಿಟ್ಟಿದ್ದರು. ಹೊಸ ಹಂಡೆ ಹಾಕಿದವನೂ ಅದನ್ನು ನೋಡಿರಲಿಲ್ಲ. ಮುದುಕರು ಒಂದೂವರೆ ಸುತ್ತು ತೆರೆದರು. ಗೋಡೆಯೊಳಗೆ ಸರ್ ಅಂತ ಸದ್ದು. ಐದು ನಿಮಿಷದಲ್ಲಿ ಕೆಳಗಿನ ಪೈಪೂ ಬೆಚ್ಚಗಾಯಿತು. ಅವರು ಕೈ ಒರೆಸಿಕೊಂಡು ಇನ್ನೊಂದು ಭಜಿ ತಗೊಂಡರು.

ಆ 210 ಲೀಟರಿನ ಹಂಡೆ ಈಗಲೂ ನಮ್ಮ ಮನೆಯಲ್ಲಿದೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ನೀವೂ ಮೊದಲು ಕೈಯಿಂದಲೇ ನೋಡಿ. ಶನಿವಾರ ಬೆಳಿಗ್ಗೆ ಎಲ್ಲರ ಜಳಕ ಆಗಿ ಹಂಡೆ ತಣ್ಣಗಾದ ಮೇಲೆ ಕೆಂಪು ದೀಪದ ಸ್ವಿಚ್ಚು ಆಫ್ ಮಾಡಿ. ಆಫ್ ಮಾಡಿದರೆ ಏನೂ ಸಿಡಿಯುವುದಿಲ್ಲ. ಗೋಡೆಯ ಟೈಮರಿನಲ್ಲಿ ಹೀಟಿಂಗ್ ಆಫ್, ಹಾಟ್ ವಾಟರ್ ಮಾತ್ರ ಆನ್. ಬಾಯ್ಲರ್ ಹೊತ್ತಿಕೊಳ್ಳುತ್ತದಾ ನೋಡಿ. ಹತ್ತು ನಿಮಿಷ ಬಿಟ್ಟು ಹಂಡೆಯ ಪಕ್ಕದ ಎರಡು ಪೈಪು ಮುಟ್ಟಿ. ಮೆಲ್ಲಗೆ, ಬೆರಳ ತುದಿಯಿಂದ, 70 ಡಿಗ್ರಿ ತಾಮ್ರ ಬೊಬ್ಬೆ ಎಬ್ಬಿಸುತ್ತದೆ. ಮಕ್ಕಳನ್ನು ದೂರ ಇಡಿ.

ಬಾಯ್ಲರೇ ಹೊತ್ತಿಕೊಳ್ಳದಿದ್ದರೆ ತೊಂದರೆ ಕರೆಯಲ್ಲಿದೆ, ಅಂದರೆ ಹಂಡೆಗೆ ಶಾಖ ಬೇಕು ಅನ್ನುವ ಸುದ್ದಿ ಬಾಯ್ಲರಿಗೆ ತಲುಪುತ್ತಿಲ್ಲ. ಟೈಮರ್, ತೂಬಿನ ಒಳಗಿನ ಸ್ವಿಚ್ಚು, ಇಲ್ಲವೇ ಹಂಡೆಯ ಮೈಗೆ ಪಟ್ಟಿಯಲ್ಲಿ ಕಟ್ಟಿದ ಥರ್ಮೋಸ್ಟಾಟ್, ಅಂದರೆ ಹಂಡೆ ಎಷ್ಟು ಕಾದಿದೆ ಅಂತ ನೋಡಿ ತಾನೇ ಆನ್ ಆಫ್ ಆಗುವ ಸ್ವಿಚ್ಚು. ಈ ಥರ್ಮೋಸ್ಟಾಟ್ ಸಾಮಾನ್ಯವಾಗಿ ಕೆಳಗಿನಿಂದ ಮೂರನೇ ಒಂದು ಭಾಗದ ಎತ್ತರದಲ್ಲಿರುತ್ತದೆ. ತಿರುಗಿಸಿದರೆ ಟಿಕ್ ಅನ್ನಬೇಕು. ಪಟ್ಟಿ ಸಡಿಲವಾಗಿ ತಾಮ್ರಕ್ಕೆ ತಾಗದೇ ನೇತಾಡುತ್ತಿದ್ದರೆ ಅದು ಸುಳ್ಳು ಲೆಕ್ಕ ಹೇಳುತ್ತದೆ.

ಬಾಯ್ಲರ್ ಹೊತ್ತಿಕೊಂಡು ಎರಡೂ ಪೈಪು ತಣ್ಣಗೇ ಇದ್ದರೆ ತೂಬು ತೆರೆದಿಲ್ಲ. ಆ ಸಣ್ಣ ಹಿಡಿಕೆಯನ್ನು ಸರಿಸಿ ನೋಡಿ. ಎರಡು ಬಾಯಿಯ ತೂಬು ತಾನಾಗಿ ತೆರೆದಿದ್ದರೆ ಹಿಡಿಕೆ ಸಡಿಲವಾಗಿ ಆಡುತ್ತದೆ. ಸ್ಪ್ರಿಂಗ್ ಎದುರು ತಳ್ಳಿದ ಹಾಗೆ ಬಿಗಿ ಅನ್ನಿಸಿದರೆ ಅದು ಇನ್ನೂ ಮುಚ್ಚಿದೆ ಅಂತ ಅರ್ಥ. ನಿಮ್ಮ ಮನೆಯಲ್ಲಿ ಇದೇ ಆಗಿರುತ್ತದೆ ಅಂತ ನನ್ನ ಪಂದ್ಯ. ಬಹಳ ಸಲ ತೂಬಿನ ತಲೆ ಮಾತ್ರ ಬದಲಿಸಿದರೆ ಸಾಕು, ನೀರು ಖಾಲಿ ಮಾಡುವುದೂ ಬೇಡ.

ಮೇಲಿನದು ಸುಟ್ಟು ಕೆಳಗಿನದು ತಣ್ಣಗಿದ್ದರೆ ನನ್ನ ಮನೆಯ ಕಥೆ. ನೀರು ಹರಿಯುತ್ತಿಲ್ಲ. ಮುಚ್ಚಿದ ವಾಲ್ವ್, ಸುರುಳಿಯಲ್ಲಿ ಸಿಕ್ಕ ಗಾಳಿ, ಸುಸ್ತಾದ ಪಂಪ್, ಇಲ್ಲವೇ ರೇಡಿಯೇಟರುಗಳ ಒಳಗೆ ತುಕ್ಕು ಹಿಡಿದು ಆಗುವ ಕಪ್ಪು ಕೆಸರು. ಎರಡೂ ಪೈಪು ಒಂದೇ ಸಮ ಸುಡುತ್ತಿದ್ದು ಹಂಡೆ ಮಾತ್ರ ಕಾಯದಿದ್ದರೆ ಶಾಖ ದಾಟುತ್ತಿಲ್ಲ, ಸುರುಳಿಯ ಮೈಗೆ ಸುಣ್ಣ ಕಟ್ಟಿದೆ. ನಮ್ಮ ಬೋರ್‌ವೆಲ್ ನೀರಿಗೆ ಕಾಯಿಲ್ ಮೇಲೆ ಬಿಳಿ ಚಿಪ್ಪು ಕಟ್ಟುತ್ತದಲ್ಲ, ಅದೇ. ಲಂಡನ್ ಸುತ್ತಮುತ್ತ ನೀರು ಗಡಸು, ಅಲ್ಲಿ ಇದು ಮಾಮೂಲಿ. ಲೀಡ್ಸ್ ನೀರು ಅದಕ್ಕಿಂತ ಮೆದು, ಹಾಗಾಗಿ ನಿಮ್ಮ ಮನೆಯಲ್ಲಿ ಇದರ ಮೇಲೆ ನನಗೆ ಅನುಮಾನ ಕಡಿಮೆ.

ಇನ್ನೊಂದು ಚಿಕ್ಕ ವಿಷಯ, ಈಚೆಗೆ ಜಾಸ್ತಿ ಆಗಿದೆ. ಗ್ಯಾಸ್ ಉಳಿಸಲು ಬಾಯ್ಲರಿನ ನೀರನ್ನು 50-55 ಡಿಗ್ರಿಗೆ ಇಳಿಸಿ ಅಂತ ಎಲ್ಲರೂ ಹೇಳುತ್ತಾರೆ. ಹಂಡೆ ಇಲ್ಲದ ಮನೆಗೆ ಒಳ್ಳೆ ಮಾತು. ಹಂಡೆ ಇರುವ ಮನೆಗೆ ಅಲ್ಲ. ಸುರುಳಿಯಲ್ಲಿ 55 ಹರಿದರೆ ಹಂಡೆ 60 ಮುಟ್ಟುವುದು ಹೇಗೆ? 65ರ ಮೇಲೆ ಇಡಿ, 70 ಇದ್ದರೆ ಬೇಗ ಕಾಯುತ್ತದೆ. ಹಂಡೆಯ ಥರ್ಮೋಸ್ಟಾಟ್ 60ಕ್ಕೇ ಇರಲಿ. 45ಕ್ಕೆ ಇಳಿಸಿದರೆ ದುಡ್ಡು ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನಿಂತ ಉಗುರುಬೆಚ್ಚಗಿನ ನೀರಿನಲ್ಲಿ ಲೀಜನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಶವರಿನ ತುಂತುರಿನಿಂದ ಶ್ವಾಸಕೋಶಕ್ಕೆ ಹೋಗುತ್ತದೆ. ನೀವು ನರ್ಸು, ವಯಸ್ಸಾದವರಿಗೆ ಅದು ಏನು ಮಾಡುತ್ತದೆ ಅಂತ ನನಗಿಂತ ಚೆನ್ನಾಗಿ ಗೊತ್ತು. ಹಾಗೇ 60 ಡಿಗ್ರಿ ನೀರು ಮಗುವಿನ ಚರ್ಮಕ್ಕೆ ಅಪಾಯ. ಟಬ್ಬಿಗೆ ಮೊದಲು ತಣ್ಣೀರು, ಆಮೇಲೆ ಬಿಸಿ.

ದಾರಿ ಸರಿಹೋದ ಮೇಲೆ ಟೈಮರ್. ಈಗ ಬೆಳಿಗ್ಗೆ ಆರಕ್ಕೆ ಹೀಟಿಂಗೂ ಹಾಟ್ ವಾಟರೂ ಒಟ್ಟಿಗೇ ಆನ್ ಆಗುತ್ತಿವೆ ಅಂತ ಬರೆದಿದ್ದೀರಿ. ಅದು ತಪ್ಪು. ತಣ್ಣಗಾದ ರೇಡಿಯೇಟರುಗಳು ಮೇಲ್ಭಾಗದ ರೈತರ ಹಾಗೆ, ಬಂದಿದ್ದನ್ನೆಲ್ಲ ಎಳೆದುಕೊಳ್ಳುತ್ತವೆ, ಹಂಡೆ ಟೇಲ್ ಎಂಡ್ ಆಗುತ್ತದೆ. ಹಾಟ್ ವಾಟರನ್ನು ಐದು ಗಂಟೆಗೆ, ಹೀಟಿಂಗನ್ನು ಆರಕ್ಕೆ ಇಡಿ. ಒಂದು ಗಂಟೆ ಹಂಡೆಯೊಂದಕ್ಕೇ ಬಾಯ್ಲರಿನ ಪೂರ್ತಿ ಗಮನ. ನಿಮಗೆ ನೈಟ್ ಶಿಫ್ಟ್ ಇರುವ ವಾರ, ಬೆಳಿಗ್ಗೆ ಎಂಟೂವರೆಗೆ ಮನೆಗೆ ಬರುವ ಹೊತ್ತಿಗೆ ಇನ್ನೊಂದು ಅರ್ಧ ಗಂಟೆ ಸೇರಿಸಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ನನ್ನ ಕೇಳಿದರೆ ಎಲ್ಲಕ್ಕಿಂತ ಜಾಸ್ತಿ ಫಲ ಕೊಡುವ ಬದಲಾವಣೆ ಇದು.

ಅಡುಗೆಮನೆಯ ನಲ್ಲಿಗೆ ಬಿಸಿನೀರು ಬರಲು ಹೊತ್ತಾಗುತ್ತದೆ ಅನ್ನುವುದು ಬೇರೆ ವಿಷಯ. ಹಂಡೆಯಿಂದ ಅಲ್ಲಿಗೆ ಇರುವ ಪೈಪಿನಲ್ಲಿ ತಣ್ಣಗಾಗಿ ನಿಂತ ನೀರು ಮೊದಲು ಹೊರಗೆ ಹೋಗಬೇಕು. 22 ಮಿಲಿಮೀಟರ್ ಪೈಪು ಹನ್ನೆರಡು ಮೀಟರ್ ಇದ್ದರೆ ಸುಮಾರು ನಾಲ್ಕು ಲೀಟರ್. ಆ ನೀರನ್ನು ಸುಮ್ನೆ ಸಿಂಕಿಗೆ ಬಿಡುವಾಗ ನನಗೆ ಈಗಲೂ ಕೈ ನಡುಗುತ್ತದೆ. ಬಳ್ಳಾರಿಯಲ್ಲಿ ಬೆಳೆದವನಿಗೆ ನಾಲ್ಕು ಲೀಟರ್ ಅಂದರೆ ಲೆಕ್ಕ. ಒಂದು ಪಾತ್ರೆಗೆ ಹಿಡಿದು ಗಿಡಕ್ಕೆ ಹಾಕುತ್ತೇನೆ, ಹೆಂಡತಿ ನಗುತ್ತಾಳೆ. ಕಾಣುವ ಪೈಪಿಗೆ ಫೋಮ್ ತೋಳು ಹಾಕಿ, ಹಂಡೆಗೆ 80 ಮಿಲಿಮೀಟರ್ ದಪ್ಪದ ಕೋಟು ಸಿಗುತ್ತದೆ, ಹಾಕಿಸಿ. ಇದರಿಂದ ನೀರು ಬೇಗ ಕಾಯುವುದಿಲ್ಲ, ಕಾದ ನೀರು ಬೇಗ ಆರುವುದಿಲ್ಲ, ಅಷ್ಟೇ.

ಇನ್ನು ಮಾಲೀಕ. ಹಳೇ ಮನೆ ಹೀಗೇ ಇರೋದು ಅನ್ನುವ ಮಾತಿಗೆ ಅಲ್ಲಿ ಬೆಲೆ ಇಲ್ಲ. 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆಕ್ಟ್‌ನ 11ನೇ ಸೆಕ್ಷನ್ ಪ್ರಕಾರ ಮನೆ ಬೆಚ್ಚಗಿಡುವ, ನೀರು ಕಾಯಿಸುವ ವ್ಯವಸ್ಥೆಯನ್ನು ರಿಪೇರಿಯಲ್ಲಿಡುವುದು ಅವನ ಕೆಲಸ. ನಮ್ಮವರು ಫೋನ್ ಮಾಡಿ, ನಯವಾಗಿ ಕೇಳಿ, ಸುಮ್ಮನಾಗುತ್ತಾರೆ. ಹಾಗೆ ಮಾಡಬೇಡಿ, ಇಮೇಲ್ ಬರೆಯಿರಿ. ಬಿಸಿನೀರು ಸಾಲುತ್ತಿಲ್ಲ ಅಂತ ಬರೆದರೆ ಕಡಿಮೆ ಜಳಕ ಮಾಡಿ ಅಂತ ಉತ್ತರ ಬರುತ್ತದೆ. ಇಮ್ಮರ್ಶನ್ ಆಫ್ ಮಾಡಿ ಹಾಟ್ ವಾಟರ್ ಆನ್ ಮಾಡಿದೆ, ಇಷ್ಟು ನಿಮಿಷವಾದರೂ ಸುರುಳಿಯ ಪೈಪು ತಣ್ಣಗೇ ಇದೆ, ಹಂಡೆಗೆ ಬಾಯ್ಲರಿನಿಂದ ಶಾಖ ಬರುತ್ತಿಲ್ಲ, ಮೋಟರೈಸ್ಡ್ ವಾಲ್ವ್ ನೋಡಿಸಿ ಅಂತ ಬರೆಯಿರಿ. ಉತ್ತರದ ಧಾಟಿಯೇ ಬದಲಾಗುತ್ತದೆ. ಆಗಲೂ ಸುಮ್ಮನಿದ್ದರೆ ಕೌನ್ಸಿಲ್‌ನ ಹೌಸಿಂಗ್ ವಿಭಾಗಕ್ಕೆ ಹೇಳಬಹುದು.

ನೀವೇ ಬಾಯ್ಲರಿನ ಮುಚ್ಚಳ ತೆಗೆಯಬೇಡಿ. ಗ್ಯಾಸಿನ ಕೆಲಸಕ್ಕೆ ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ ಹೆಸರಿರುವವರೇ ಬರಬೇಕು, ಅವರ ಹತ್ತಿರ ಫೋಟೋ ಇರುವ ಕಾರ್ಡ್ ಇರುತ್ತದೆ, ಕೇಳಿ ನೋಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಲೀಕ ವರ್ಷಕ್ಕೊಮ್ಮೆ ಗ್ಯಾಸ್ ತಪಾಸಣೆ ಮಾಡಿಸಿ ಅದರ ಪ್ರತಿ ನಿಮಗೆ ಕೊಡಬೇಕು. 2022ರ ಅಕ್ಟೋಬರಿನಿಂದ ಬಾಯ್ಲರ್ ಇರುವ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿ ಬಂದರೆ ಕೂಗುವ ಅಲಾರಂ ಹಾಕಿಸುವುದೂ ಮಾಲೀಕನ ಹೊಣೆ. ನಿಮ್ಮ ಅಡುಗೆಮನೆಯಲ್ಲಿ ಅದು ಇದೆಯಾ ಇವತ್ತೇ ನೋಡಿ. ಬಿಸಿನೀರಿಗಿಂತ ಅದು ಮುಖ್ಯ.

ಮಾಲೀಕ ಹಂಡೆ ಕಿತ್ತು ಕಾಂಬಿ ಬಾಯ್ಲರ್ ಹಾಕುತ್ತೇನೆ ಅಂದರೆ ಕೂಡಲೇ ಹೂಂ ಅನ್ನಬೇಡಿ. ಕಾಂಬಿಗೆ ಹಂಡೆ ಇಲ್ಲ, ನಲ್ಲಿ ತಿರುಗಿಸಿದಾಗ ಆಗಿಂದಾಗಲೇ ಕಾಯಿಸಿ ಕೊಡುತ್ತದೆ. ಖಾಲಿಯಾಗುವ ಮಾತೇ ಇಲ್ಲ, ಅದು ಒಳ್ಳೆಯದೇ. ಆದರೆ ಜನವರಿಯಲ್ಲಿ ತಣ್ಣೀರು 5 ಡಿಗ್ರಿಗೆ ಇಳಿದಾಗ 24 ಕಿಲೋವ್ಯಾಟಿನ ಕಾಂಬಿ 40 ಡಿಗ್ರಿ ನೀರನ್ನು ನಿಮಿಷಕ್ಕೆ ಹತ್ತು ಲೀಟರಿಗಿಂತ ಜಾಸ್ತಿ ಕೊಡಲಾರದು. ಅಮ್ಮನ ಬಕೆಟ್ ತುಂಬಲು ಎರಡು ನಿಮಿಷ. ಅಷ್ಟರಲ್ಲಿ ನೀವು ಅಡುಗೆಮನೆಯಲ್ಲಿ ಪಾತ್ರೆ ತೊಳೆಯಲು ನಲ್ಲಿ ಬಿಟ್ಟರೆ ಮೇಲಿನಿಂದ ಅಮ್ಮ ಕೂಗುತ್ತಾರೆ. ಬಾಯ್ಲರ್ ಕೆಟ್ಟ ದಿನ ಕೆಂಪು ದೀಪದ ಸ್ವಿಚ್ಚೂ ಇರುವುದಿಲ್ಲ. ಒಂದೇ ಬಚ್ಚಲು, ಇಬ್ಬರೇ ಇರುವ ಮನೆಗೆ ಕಾಂಬಿ ಸರಿ. ಐದು ಜನರ ಮನೆಗೆ, ತೂಬು ಸರಿಯಿರುವ ಹಂಡೆಯೇ ನನಗೆ ಇಷ್ಟ.

ಶನಿವಾರ ಕೈಯಿಂದ ಮುಟ್ಟಿ ನೋಡಿ, ಯಾವ ಪೈಪು ಬಿಸಿ, ಯಾವುದು ತಣ್ಣಗೆ, ಎಷ್ಟು ನಿಮಿಷ ಅಂತ ಬರೆದು ಕಳಿಸಿ. ಹಿಡಿಕೆ ಸಡಿಲವಾಗಿತ್ತಾ, ಬಿಗಿಯಾಗಿತ್ತಾ ಅದನ್ನೂ ಬರೆಯಿರಿ. ಜೋಳದ ಹಿಟ್ಟಿನ ವಿಷಯ ಮರೆತಿಲ್ಲ, ಬರುವಾಗ ನಿಮ್ಮ ಪಾಲಿಗೆ ಎರಡು ಕೆಜಿ ಇಲ್ಲಿಂದಲೇ ತರುತ್ತೇನೆ. ಈಗ ಏಳಬೇಕು, ಇವತ್ತು ನಮ್ಮ ಓಣಿಗೆ ನೀರು ಬಿಡುವ ದಿನ, ನಲ್ಲಿ ಸುಂಯ್ ಅನ್ನುತ್ತಿದೆ, ಅಮ್ಮ ಕೊಡ ಹಿಡಿದು ಕರೆಯುತ್ತಿದ್ದಾಳೆ.